ಒಂದೇ ಒಂದು ಹೆಬ್ಬಾತನ್ನು ಮನೆಯಲ್ಲಿ ಸಾಕಬಹುದಾ?

ಸಾಕಬಹುದು, ಆದರೆ ದಿನದ ಹೆಚ್ಚು ಹೊತ್ತು ಯಾರಾದರೂ ಅದರ ಜೊತೆ ಇರುವ ಮನೆಯಾದರೆ ಮಾತ್ರ. ಎಲ್ಲರೂ ಬೆಳಿಗ್ಗೆ ಹೊರಟು ಸಂಜೆ ಬರುವವರಾದರೆ ಎರಡು ಸಾಕಿ, ಇಲ್ಲವೇ ಆಸೆ ಬಿಟ್ಟುಬಿಡಿ.

ಹೆಬ್ಬಾತು ಗುಂಪಿನಲ್ಲಿ ಬಾಳುವ ಹಕ್ಕಿ. ಮೊಟ್ಟೆಯೊಡೆದು ಬಂದ ಮರಿ ಮೊದಲ ಒಂದೆರಡು ದಿನದಲ್ಲಿ ಕಣ್ಣೆದುರು ಓಡಾಡುವವರನ್ನೇ ತಾಯಿ ಎಂದು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳುತ್ತದೆ. ಆಸ್ಟ್ರಿಯಾದ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1930ರ ದಶಕದಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ಮರಿಗಳು ಅವರ ಹಿಂದೆಯೇ ನಡೆಯುತ್ತಿದ್ದವು. ಒಂಟಿ ಮರಿಗೆ ನೀವೇ ತಾಯಿ, ನೀವೇ ಬಳಗ. ನೀವು ಕಾಣದಿದ್ದರೆ ಅದರ ಪಾಲಿಗೆ ಇಡೀ ಗುಂಪೇ ಕಾಣೆಯಾದ ಹಾಗೆ. ಆಗ ಅದು ಜೋರಾಗಿ ಕೂಗುತ್ತಲೇ ಇರುತ್ತದೆ. ಎಷ್ಟೊಂದು ಪ್ರೀತಿ ಅಂತ ನಮಗೆ ಖುಷಿ, ಅದಕ್ಕೆ ಗಾಬರಿ. ಗಂಡಾದರೆ ಇನ್ನೊಂದು ತೊಂದರೆ: ಬೆಳೆದ ಮೇಲೆ, ಮರಿ ಮಾಡುವ ಕಾಲದಲ್ಲಿ ನಿಮ್ಮನ್ನೇ ಜೋಡಿ ಎಂದುಕೊಂಡು ಮನೆಗೆ ಬಂದವರನ್ನೆಲ್ಲ ಕಚ್ಚಲು ಓಡಬಹುದು. ಚೆನ್ನಾಗಿ ನೋಡಿಕೊಂಡರೆ 20 ವರ್ಷವೂ ಬದುಕುವ ಹಕ್ಕಿ ಇದು, ಸುಮ್ನೆ ಮುದ್ದಾಗಿದೆ ಅಂತ ತರುವಂಥದ್ದಲ್ಲ.

ಉಳಿದದ್ದು ಅಷ್ಟೇನೂ ಕಷ್ಟವಲ್ಲ. ಮೇಯಲು ಹುಲ್ಲು, ತಲೆ ಮುಳುಗಿಸಿ ಕಣ್ಣು, ಮೂಗು ತೊಳೆದುಕೊಳ್ಳುವಷ್ಟು ಆಳದ ನೀರು, ರಾತ್ರಿಗೆ ಭದ್ರವಾದ ಗೂಡು. ಬ್ರೆಡ್ ಹಾಕಬೇಡಿ. ಹಿಕ್ಕೆ ಮಾತ್ರ ಜಾಸ್ತಿ, ಅದೂ ನಿಂತಲ್ಲೇ ಹಾಕುತ್ತದೆ. ಹಾಗಾಗಿ ಮನೆಯೊಳಗಿಗಿಂತ ಅಂಗಳದಲ್ಲಿ ಬಿಡುವುದೇ ವಾಸಿ.