ಗ್ರ್ಯಾಂಡ್ ಕ್ಯಾನಿಯನ್ ರಾಫ್ಟಿಂಗ್: ಮೊದಲ ದಿನ ಅಮ್ಮನಿಗೆ ಕಷ್ಟ ಆಗುತ್ತಾ?

ಅಮ್ಮನಿಗೆ ಅರವತ್ತು ದಾಟಿದೆ, ಈಜು ಬರಲ್ಲ, ಜೂನ್‌ನಲ್ಲಿ ಕೊಲೊರಾಡೊ ನದಿಯಲ್ಲಿ ದೋಣಿಗಳು ಹೊರಡುವ ಜಾಗವಾದ ಲೀಸ್ ಫೆರಿಯಿಂದ ಹೊರಡ್ತಿದ್ದೇವೆ, ಮೊದಲ ದಿನವೇ ದೊಡ್ಡ ಅಲೆಗಳು ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುತ್ತವೆ. ಆದರೆ ಅಲೆಗಿಂತ ಜಾಸ್ತಿ ಚಳಿಗೆ ತಯಾರಾಗಿ ಹೋಗಿ. ನಾನು ಹೋಗಿದ್ದೂ ಜೂನ್‌ನಲ್ಲೇ, ಗೈಡ್ ಹುಟ್ಟು ಹಾಕುವ ರಬ್ಬರ್ ದೋಣಿಯಲ್ಲಿ.

ಅರಿಜೋನಾದ ಜೂನ್ ಅಂದ್ರೆ ದಡದಲ್ಲಿ 40 ಡಿಗ್ರಿ ಬಿಸಿಲು. ಮರಳಿನ ಮೇಲೆ ಬರಿಗಾಲು ಇಡೋಕಾಗಲ್ಲ. ಅಲ್ಲಿಂದ ಎರಡು ಹೆಜ್ಜೆ ಇಳಿದರೆ ನೀರು ಕೊರೆಯುತ್ತೆ. ನದಿ ಹರಿದು ಬರುವ ಕಡೆಗೆ 15 ಮೈಲಿ ದೂರದಲ್ಲಿ ಗ್ಲೆನ್ ಕ್ಯಾನಿಯನ್ ಅಣೆಕಟ್ಟು ಇದೆ. ಬಿಸಿಲು ತಾಗದ ಆಳದ ನೀರನ್ನು ಅಲ್ಲಿಂದ ಬಿಡ್ತಾರೆ. ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಇರುತ್ತೆ. ಜಲಾಶಯ ತೀರಾ ಇಳಿದ ವರ್ಷಗಳಲ್ಲಿ ಮಾತ್ರ ಸ್ವಲ್ಪ ಬೆಚ್ಚಗಿರುತ್ತೆ.

ಹೊರಡುವ ಮೊದಲು ಲೈಫ್ ಜಾಕೆಟ್ ಹಾಕಿಸಿ ಪಟ್ಟಿಗಳನ್ನು ಬಿಗಿ ಮಾಡ್ತಾರೆ. ಗೈಡ್ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡ್ತಾರೆ. ಜಾಕೆಟ್ ಕಿವಿವರೆಗೆ ಬಂದರೆ ಸಡಿಲ ಅಂತ ಅರ್ಥ. ಅಮ್ಮ ‘ಉಸಿರು ಕಟ್ಟುತ್ತೆ’ ಅಂದರೂ ಸಡಿಲ ಮಾಡಬೇಡಿ. ಈಜು ಬರದಿರುವ ವಿಷಯವನ್ನು ಕಂಪನಿಯವರಿಗೆ ಈಗಲೇ ತಿಳಿಸಿ.

ಮೊದಲ ಕೆಲವು ಮೈಲಿ ನದಿ ಶಾಂತವಾಗಿರುತ್ತೆ. ನನಗೆ ಇಡೀ ದಿನದಲ್ಲಿ ತುಂಬಾ ಇಷ್ಟವಾದ ಭಾಗ ಅದೇ. ಲೀಸ್ ಫೆರಿ ಬಯಲಾಗಿದೆ. ಸ್ವಲ್ಪ ಮುಂದೆ ಹೋಗುತ್ತಿದ್ದಂತೆ ಕೈಬಾಬ್ ಸುಣ್ಣಕಲ್ಲು ನೀರಿನಿಂದ ಮೇಲೆದ್ದು ಗೋಡೆಯಾಗುತ್ತೆ. ಅದರ ಕೆಳಗಿನಿಂದ ಮತ್ತೊಂದು ಪದರ, ಅದರ ಕೆಳಗೆ ಇನ್ನೊಂದು. ನೀವು ತೇಲುತ್ತಾ ಹೋದ ಹಾಗೆ ಗೋಡೆ ಬೆಳೀತಾ ಹೋಗುತ್ತೆ. ಸುಮಾರು 27 ಕೋಟಿ ವರ್ಷ ಹಳೆಯ ಕಲ್ಲು ಆಗಲೇ ನಿಮ್ಮ ತಲೆ ಮೇಲಿರುತ್ತೆ! ನಾಲ್ಕು ಮೈಲಿ ದಾಟಿದ ಮೇಲೆ ನವಾಹೋ ಸೇತುವೆ ಬರುತ್ತೆ, ನೀರಿನಿಂದ 467 ಅಡಿ ಎತ್ತರದಲ್ಲಿ. 1929ರದ್ದು ಒಂದು, 1995ರದ್ದು ಇನ್ನೊಂದು, ಪಕ್ಕಪಕ್ಕದಲ್ಲೇ ಇವೆ. ಕಬ್ಬಿಣದ ತೊಲೆಗಳ ಮೇಲೆ ಕಾಂಡೋರ್ ಎಂಬ ದೊಡ್ಡ ರಣಹದ್ದುಗಳು ಕೂತಿರುತ್ತವಾ ನೋಡಿ. ರೆಕ್ಕೆಗೆ ನಂಬರ್ ಪಟ್ಟಿ ಹಾಕಿರ್ತಾರೆ.

ಎಂಟನೇ ಮೈಲಿಗೆ ನೀರು ರಭಸವಾಗಿ ಅಲೆಯೆದ್ದು ಹರಿಯುವ ಬ್ಯಾಜರ್ ಕ್ರೀಕ್ ರ‍್ಯಾಪಿಡ್. ಅಲ್ಲಿ ಎರಡೂ ಕಡೆಯಿಂದ ಒಣ ಕೊರಕಲುಗಳು ಎದುರುಬದುರಾಗಿ ಬಂದು ಸೇರುತ್ತವೆ. ಮಳೆ ಬಂದಾಗ ಅವು ತಂದು ಸುರಿದ ಬಂಡೆಗಳೇ ನದಿಯನ್ನು ಇಕ್ಕಟ್ಟು ಮಾಡಿವೆ. ಕಣ್ಣಿಗೆ ಕಾಣುವ ಮೊದಲೇ ಸದ್ದು ಕೇಳುತ್ತೆ. ಗೈಡ್ ಹುಟ್ಟು ಹಿಡಿದೇ ಎದ್ದು ನಿಂತು ನೋಡ್ತಾರೆ. ನುಣ್ಣನೆ ನೀರಿನ ಮೇಲೆ ದೋಣಿ ಜಾರುತ್ತೆ, ಮೂತಿ ಮೇಲೇಳುತ್ತೆ, ಒಂದು ರಾಶಿ ನೀರು ಮೈಮೇಲೆ ಬೀಳುತ್ತೆ. ಅಮ್ಮ ಎರಡೂ ಕೈಯಲ್ಲಿ ಹಗ್ಗ ಹಿಡಿದಿದ್ದರೆ ಸಾಕು. ಅರ್ಧ ನಿಮಿಷದೊಳಗೆ ಮುಗಿದೇ ಹೋಗುತ್ತೆ. ಅಕಸ್ಮಾತ್ ಬಿದ್ದರೆ ಅಂಗಾತ ಮಲಗಿ, ಕಾಲು ಹರಿವಿನ ಕಡೆ ಚಾಚಿ ತೇಲಬೇಕು, ನಡೆಯೋಕೆ ಹೋಗಬಾರದು. ಇದನ್ನು ಮನೆಯಲ್ಲೇ ಹೇಳಿಕೊಡಿ.

ಚಳಿ ಹಿಡಿಯೋದು ಇದಾದ ಮೇಲೆ. ಕಣಿವೆ ಇಕ್ಕಟ್ಟು, ಮಧ್ಯಾಹ್ನ ಕಳೆದರೆ ನೆರಳು ಬಂದುಬಿಡುತ್ತೆ. ಹತ್ತಿ ಚೂಡಿದಾರ್ ಒದ್ದೆಯಾದರೆ ಬೇಗ ಒಣಗಲ್ಲ. ನಮ್ಮ ದೋಣಿಯಲ್ಲಿ ಹತ್ತಿ ಬಟ್ಟೆ ಹಾಕಿದ್ದ ಆಂಟಿಗೆ ಸೋಪ್ ಕ್ರೀಕ್ ರ‍್ಯಾಪಿಡ್ ದಾಟುವಾಗ ಹಲ್ಲು ಕಟಕಟ ಅಂತಿತ್ತು. ಅಮ್ಮನಿಗೆ ಬೇಗ ಒಣಗುವ ಸಿಂಥೆಟಿಕ್ ಬಟ್ಟೆ ಕೊಡಿ. ಮಳೆಗೆ ಹಾಕುವ ಜಾಕೆಟ್, ಪ್ಯಾಂಟ್ ಎರಡನ್ನೂ ಕೈಗೆ ಸಿಗುವ ಚೀಲದಲ್ಲೇ ಇಟ್ಟುಕೊಳ್ಳಿ. ದೊಡ್ಡ ಚೀಲಗಳನ್ನು ಬೆಳಿಗ್ಗೆ ಕಟ್ಟಿಬಿಟ್ಟರೆ ಸಂಜೆ ಕ್ಯಾಂಪ್‌ನಲ್ಲೇ ಬಿಚ್ಚೋದು.

ಇನ್ನೊಂದು ವಿಷಯವನ್ನು ಅಮ್ಮನಿಗೆ ಮೊದಲೇ ಹೇಳಿ. ಅಲ್ಲಿ ಮೂತ್ರ ಮಾಡುವುದು ನದಿಗೇ, ಮರಳಿಗಲ್ಲ. ನದಿಯನ್ನು ತಾಯಿ ಅಂತ ಕೈಮುಗಿಯುವವರಿಗೆ ಇದು ಕಸಿವಿಸಿ. ಆದರೆ ಮರುಭೂಮಿಯಲ್ಲಿ ಮಳೆ ಕಡಿಮೆ, ಮರಳಲ್ಲಿ ಬಿದ್ದದ್ದು ಅಲ್ಲೇ ಉಳಿದು ನಾರುತ್ತೆ. ಮಲವನ್ನು ಮಾತ್ರ ಲೋಹದ ಡಬ್ಬಿಯಲ್ಲಿ ಕೊನೆತನಕ ಹೊತ್ತು ತರ್ತಾರೆ. ಕ್ಯಾಂಪ್‌ನಲ್ಲಿ ಅದಕ್ಕೆ ಮರೆಯಾದ ಜಾಗ ಮಾಡಿಕೊಡ್ತಾರೆ. ಹೆಂಗಸರಿಗೆ ನದಿ ದಡದ ಪೊದೆ ಮರೆ ಸಿಗುತ್ತೆ, ಕತ್ತಲಾದ ಮೇಲೆ ನೀವೂ ಜೊತೆಗೆ ಟಾರ್ಚ್ ಹಿಡಿದು ಹೋಗಿ.