ಕಿತ್ತು ತಂದ ಕಲ್ಲಿಗೆ ಉತ್ತರ ಯಾವ ಕಡೆ?

ಪ್ರಶ್ನೆ: ನಮ್ಮೂರ ಗುಡ್ಡದಲ್ಲಿ ಕೆಂಪು ಬಂಡೆಗಳ ನಡುವೆ ಕರಿಕಲ್ಲಿನ ಒಂದು ಪಟ್ಟೆ ಉದ್ದಕ್ಕೂ ಹೋಗಿದೆ. ಅದರ ಮೇಲೆ ಮೊಬೈಲ್ ಇಟ್ಟರೆ ದಿಕ್ಸೂಚಿ ಏನೇನೋ ತೋರಿಸುತ್ತದೆ. ಅಂಥ ಕಲ್ಲು ಹಳೇ ಕಾಲದ ಉತ್ತರ ದಿಕ್ಕನ್ನು ಹಿಡಿದಿಟ್ಟುಕೊಂಡಿರುತ್ತದೆ ಅಂತಾಳೆ ಮಗಳು. ಒಂದು ತುಂಡು ತಂದು ಟಿ.ವಿ. ಪಕ್ಕ ಇಟ್ಟಿದ್ದೇನೆ. ಪರೀಕ್ಷೆಗೆ ಕಳಿಸಬಹುದಾ?
– ಓದುಗರೊಬ್ಬರು, ಕುಷ್ಟಗಿ

ಉತ್ತರ: ಮಗಳು ಹೇಳಿದ್ದು ನಿಜ. ಆದರೆ ನೀವು ಕಲ್ಲು ಕಿತ್ತು ತಂದುಬಿಟ್ಟಿರಲ್ಲ, ಅಲ್ಲೇ ಕೆಲಸ ಕೆಟ್ಟಿತು.

ಆ ಪಟ್ಟೆಗೆ ಡೈಕ್ ಅನ್ನುತ್ತಾರೆ. ಕರಗಿದ ಕಲ್ಲು ಬಂಡೆಯ ಬಿರುಕಿಗೆ ನುಗ್ಗಿ ಒಳಗೇ ಆರಿದ್ದು. ಕಲಬುರಗಿ ಕಡೆಯ ಕರಿಕಲ್ಲು ಮಾತ್ರ ಲಾವಾ ಆಗಿ ಮೇಲೆ ಹರಿದದ್ದು, ಸುಮಾರು 6.6 ಕೋಟಿ ವರ್ಷದ ಹಿಂದೆ. ನಮ್ಮ ಭಾಗದ ಹಲವು ಡೈಕುಗಳಿಗೆ 237 ಕೋಟಿ ವರ್ಷದ ಆಸುಪಾಸು ವಯಸ್ಸು. ಎರಡರಲ್ಲೂ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳಿವೆ. ಬಿಸಿ 580 ಡಿಗ್ರಿ ದಾಟಿದರೆ ಅವುಗಳ ಕಾಂತಗುಣ ಹೋಗುತ್ತದೆ. ಮತ್ತೆ ಆರುವಾಗ, ಆ ಹೊತ್ತಿಗೆ ಭೂಮಿಯ ಕಾಂತಕ್ಷೇತ್ರ ಯಾವ ಕಡೆಗಿದೆಯೋ ಅದೇ ಕಡೆಗೆ ಗಟ್ಟಿಯಾಗುತ್ತದೆ. ಆ ಕ್ಷೇತ್ರ ನೆಲಮಟ್ಟಕ್ಕೆ ಎಷ್ಟು ಬಾಗಿತ್ತು ಅನ್ನೋದೂ ಉಳಿಯುತ್ತದೆ. ಸಮಭಾಜಕದ ಹತ್ತಿರ ಸೂಜಿ ಮಟ್ಟಸ, ಧ್ರುವದ ಹತ್ತಿರ ನೆಟ್ಟಗೆ. ಕಲಬುರಗಿ ಕಡೆಯ ಆ ಲಾವಾಕ್ಕೆ ದಖನ್ ಲಾವಾ ಅಂತಾರೆ; ಅದರ ಈ ಬಾಗು ಅಳೆದೇ, ಆಗ ನಮ್ಮ ನೆಲ ಸಮಭಾಜಕದಿಂದ ದಕ್ಷಿಣಕ್ಕೆ ಸುಮಾರು 30 ಡಿಗ್ರಿಯಲ್ಲಿತ್ತು ಅಂತ ಲೆಕ್ಕ ಹಾಕಿದ್ದು.

ನಾನು ಎಂ.ಎಸ್ಸಿ. ಓದುವಾಗ ಗಂಗಾವತಿ ಹತ್ತಿರದ ಒಂದು ಡೈಕಿನಲ್ಲಿ ಡ್ರಿಲ್ಲಿಗೆ ನೀರು ಹಾಕುವ ಕೆಲಸ ನನ್ನದಾಗಿತ್ತು. ಏಪ್ರಿಲ್ ಬಿಸಿಲು. ಎರಡು ಕ್ಯಾನ್ ನೀರು ಹೊತ್ತು ಗುಡ್ಡ ಹತ್ತಿದ್ದೆ. ಹೆಬ್ಬೆರಳಿನಷ್ಟು ದಪ್ಪದ ಕಲ್ಲಿನ ಕೋಲು ಬರುತ್ತದೆ, ಅದಕ್ಕೆ ಕೋರ್ ಅಂತಾರೆ. ಮುರಿದು ತೆಗೆಯುವ ಮೊದಲೇ ಅದರ ಮೇಲೆ ಗೆರೆ ಎಳೆದು ದಿಕ್ಕು, ಓರೆ ಎರಡನ್ನೂ ಬರೆದುಕೊಳ್ಳಬೇಕು. ಅಲ್ಲಿ ದಿಕ್ಸೂಚಿಯನ್ನು ನಂಬೋ ಹಾಗಿಲ್ಲ, ನೀವೇ ನೋಡಿದ್ದೀರಿ. ಕಡ್ಡಿಯ ನೆರಳು ಮತ್ತು ಗಡಿಯಾರ ನೋಡಿ ಸೂರ್ಯನಿಂದ ದಿಕ್ಕು ತೆಗೀತಿದ್ದೆವು. ನನ್ನ ಮೂರನೇ ಕೋರ್ ಗೆರೆ ಎಳೆಯುವ ಮುಂಚೆಯೇ ಲಟಕ್ಕನೆ ಮುರಿದು ತೂತಿನೊಳಗೇ ತಿರುಗಿಬಿಟ್ಟಿತು. ಮೇಷ್ಟ್ರು ಅದನ್ನು ನನ್ನ ಕೈಗಿಟ್ಟು, "ತಗೊ, ಪೇಪರ್‌ವೇಟ್ ಮಾಡ್ಕೊ" ಅಂದರು. ಈಗಲೂ ಮೇಜಿನ ಮೇಲಿದೆ.

ನಿಮ್ಮ ಕಲ್ಲಿನದೂ ಅದೇ ಕತೆ. ಹಳೇ ಕಾಂತಕ್ಷೇತ್ರದ ಬಲ ಅಳೆಯಲು ದಿಕ್ಕು ಬೇಕಿಲ್ಲ, ಹಂತ ಹಂತವಾಗಿ ಕಾಯಿಸಿ ನೋಡಬಹುದು. ಆದರೆ ಸೂಜಿ ಆ ಪಾಟಿ ತಿರುಗುತ್ತದೆ ಅಂದರೆ ಗುಡ್ಡದ ನೆತ್ತಿಗೆ ಸಿಡಿಲು ಬಡಿದಿರಲೂ ಬಹುದು. ಸಿಡಿಲು ಹಳೇ ಗುರುತಿನ ಮೇಲೆ ತನ್ನದನ್ನು ಬರೆದುಬಿಡುತ್ತದೆ. ಟಿ.ವಿ. ಪಕ್ಕವೇ ಇರಲಿ ಬಿಡಿ.

ಪ್ರಶ್ನೆ: ಭೂಮಿಯ ಉತ್ತರ-ದಕ್ಷಿಣ ಅದಲುಬದಲಾಗುತ್ತದಂತೆ. ಹಾಗಾದರೆ ವಾಸ್ತು ನೋಡಿ ಕಟ್ಟಿದ ಮನೆ ಗತಿ?
– ಓದುಗರೊಬ್ಬರು, ಸಿರುಗುಪ್ಪ

ಉತ್ತರ: ಅದಲುಬದಲಾಗುವುದು ಕಾಂತಧ್ರುವ, ಸೂರ್ಯ ಮೂಡುವ ದಿಕ್ಕಲ್ಲ. ತಿರುಗುಮುರುಗಾಗಿ ಕಾಂತಗೊಂಡ ಲಾವಾವನ್ನೂ ಅದರಡಿ ಸುಟ್ಟ ಜೇಡಿಮಣ್ಣನ್ನೂ 1906ರಲ್ಲಿ ಫ್ರಾನ್ಸಿನ ಬರ್ನಾರ್ ಬ್ರೂನ್ ತೋರಿಸಿದರು. ಕೊನೆಯ ಸಲ ಪೂರ್ತಿ ಬದಲಾದದ್ದು ಸುಮಾರು 7.8 ಲಕ್ಷ ವರ್ಷದ ಹಿಂದೆ. ಒಂದು ಸಲ ಬದಲಾಗಲು ಸಾವಿರಾರು ವರ್ಷ ಬೇಕು. ನಿಮ್ಮ ಬಾಗಿಲು ಎಲ್ಲಿದೆಯೋ ಅಲ್ಲೇ ಇರಲಿ.