ನಿರ್ದಾಕ್ಷಿಣ್ಯ ಯಾರ ಮೇಲೆ?

ಪತ್ರ: ‘ಕಳ್ಳರು ವೃದ್ಧೆಯನ್ನು ನಿರ್ದಾಕ್ಷಿಣ್ಯವಾಗಿ ಹೊಡೆದರು’ ಅಂತ ಪೇಪರಿನಲ್ಲಿ ಓದಿದೆ. ಅಲ್ಲಿ ‘ನಿರ್ದಯವಾಗಿ’ ಅಂತ ಇರಬೇಕಲ್ಲವೇ? ಎರಡೂ ಒಂದೇ ಆದರೆ ಎರಡು ಪದ ಯಾಕೆ?
– ನಿವೃತ್ತ ಮೇಷ್ಟ್ರು, ತಿಪಟೂರು

ಮೇಷ್ಟ್ರೇ, ಇಂಥದ್ದನ್ನು ಕೇಳುವವರು ಇನ್ನೂ ಇದ್ದಾರಲ್ಲ, ಖುಷಿಯಾಯಿತು. ಬಳಕೆಯಲ್ಲಿ ಎರಡೂ ಬೆರೆತುಹೋಗಿವೆ. ‘ಕರುಣೆಯಿಲ್ಲದೆ’ ಅನ್ನುವ ಅರ್ಥದಲ್ಲಿ ನಿರ್ದಾಕ್ಷಿಣ್ಯ ಬರೆದವರನ್ನು ಪೂರ್ತಿ ತಪ್ಪು ಅನ್ನಲಾಗದು. ಆ ವಾದಕ್ಕೆ ಇಷ್ಟು ಮರ್ಯಾದೆ ಸಾಕು.

ದಯೆ ಯಾರ ಮೇಲೆ ಬೇಕಾದರೂ ಬರುತ್ತದೆ, ಬೀದಿನಾಯಿಯ ಮೇಲೂ. ದಾಕ್ಷಿಣ್ಯ ಹಾಗಲ್ಲ. ಅದಕ್ಕೆ ಪರಿಚಯ ಬೇಕು, ಋಣ ಬೇಕು, ನಾಳೆ ಮದುವೆಮನೆಯಲ್ಲಿ ಎದುರಾದರೆ ಏನು ಹೇಳಲಿ ಅನ್ನುವ ಅಳುಕು ಬೇಕು. ‘ಮುಖದಾಕ್ಷಿಣ್ಯ’ ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. ಸಂಸ್ಕೃತ ಕಾವ್ಯಶಾಸ್ತ್ರದಲ್ಲಿ ‘ದಕ್ಷಿಣ ನಾಯಕ’ ಅಂತ ಒಬ್ಬನಿದ್ದಾನೆ. ಹೊಸಬಳಿಗೆ ಮನಸೋತರೂ ಹಳಬಳನ್ನು ನೋಯಿಸದೆ ನಾಜೂಕಾಗಿ ನಡೆದುಕೊಳ್ಳುವವನು. ದಾಕ್ಷಿಣ್ಯದ ಗುಟ್ಟೆಲ್ಲ ಅವನಲ್ಲೇ ಇದೆ! ಅರಬ್ಬಿ ಮೂಲದ ‘ಮುಲಾಜು’ ಪಾರ್ಸಿಯ ಹಾದಿಯಲ್ಲಿ ನಮ್ಮಲ್ಲಿಗೆ ಬಂದು ಇದೇ ಕೆಲಸ ಮಾಡುತ್ತಿದೆ. ‘ಮುಲಾಜಿಲ್ಲದೆ ಹೇಳಿದ’ ಅಂದರೆ ಅವನು ಕ್ರೂರಿ ಅಂತ ಯಾರೂ ತಿಳಿಯುವುದಿಲ್ಲ, ಅಲ್ವಾ? ‘ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಎಲ್ಲಿ?’ ಎಂದ ಅಜ್ಜಿಯರಿಗಂತೂ ನಿಘಂಟು ಬೇಕಿರಲಿಲ್ಲ.

ಹಾಗಾಗಿ ಕಳ್ಳನಿಗೆ ಆ ಪದ ಒಪ್ಪದು. ನೀವು ಹೇಳಿದ್ದೇ ಸರಿ. ಆದರೆ ಮೇಷ್ಟ್ರೇ, ಕಳ್ಳನ ವರದಿಯಲ್ಲೇ ನಿಂತುಬಿಟ್ಟಿರಲ್ಲ! ಅದೇ ಪೇಪರಿನ ಮುಖಪುಟ ನೋಡಲಿಲ್ಲವೇ? ‘ಒತ್ತುವರಿದಾರರ ಮೇಲೆ ನಿರ್ದಾಕ್ಷಿಣ್ಯ ಕ್ರಮ’ ಅಂತ ಹೇಳಿಕೆ ಬರುತ್ತದೆ. ಮರುದಿನ ಜೆಸಿಬಿ ಹೋಗುವುದು ಫುಟ್‌ಪಾತಿನ ಹೂವಿನವಳ ಹತ್ತಿರ. ಅವಳ ಜೊತೆ ಯಾರಿಗೆ ಯಾವ ದಾಕ್ಷಿಣ್ಯವಿತ್ತು, ಬಿಡುವುದಕ್ಕೆ? ಭಾವಮೈದುನನ ಕಾಂಪೌಂಡು ಕೆರೆ ಜಾಗದಲ್ಲಿದ್ದು, ಅದನ್ನು ಒಡೆಸಿದ ದಿನ ಆ ಪದ ಬಳಸಲಿ. ದೊಡ್ಡ ಅಕ್ಷರದಲ್ಲಿ ನಾನೇ ಅಚ್ಚು ಹಾಕುತ್ತೇನೆ.

ನಮ್ಮ ಸಾಹಿತ್ಯದವರೇನು ಕಮ್ಮಿಯೇ? ಮುನ್ನುಡಿ ದಾಕ್ಷಿಣ್ಯಕ್ಕೆ, ಬಿಡುಗಡೆಯ ಭಾಷಣ ದಾಕ್ಷಿಣ್ಯಕ್ಕೆ, ಕೊನೆಗೆ ವಿಮರ್ಶೆಯೂ ದಾಕ್ಷಿಣ್ಯಕ್ಕೆ. ಪುಸ್ತಕ ಬಿಚ್ಚದೆಯೇ ‘ಭರವಸೆಯ ಕವಿ’ ಅಂದುಬಿಡುತ್ತಾರೆ. ತಲೆ ನರೆತು ಮೊಮ್ಮಕ್ಕಳಾದರೂ ಆತ ಭರವಸೆಯ ಕವಿಯೇ! ‘ಚೆನ್ನಾಗಿಲ್ಲ ಅಂತ ಬರೆದರೆ ಅವರ ಮನೆ ಕಾಫಿ ತಪ್ಪುತ್ತಲ್ರೀ’ ಅಂತ ಹಿರಿಯ ವಿಮರ್ಶಕರೊಬ್ಬರು ನನ್ನೆದುರೇ ನಕ್ಕಿದ್ದರು. ಓದುಗ ದುಡ್ಡು ಕೊಟ್ಟು ಮೋಸಹೋಗಲಿ, ಕಾಫಿ ಮಾತ್ರ ತಪ್ಪಬಾರದು.

ನೀವೂ ಪತ್ರದ ಜೊತೆ ಕೆಲವು ಕವಿತೆ ಇಟ್ಟಿದ್ದೀರಿ. ನಮ್ಮದು ಹಳೆಯ ಪರಿಚಯ, ನಿಮ್ಮ ಮನೆಯಲ್ಲಿ ಊಟ ಮಾಡಿದವನು ನಾನು. ಎಲ್ಲವನ್ನೂ ಓದಿದೆ, ಮೇಷ್ಟ್ರೇ. ಒಂದನ್ನೂ ಹಾಕುತ್ತಿಲ್ಲ.